ಬ್ಲೂ ಫ್ಲ್ಯಾಗ್ ಬಂದ ಮೇಲೆ ಊರಿಗೆ ಬಂದದ್ದೆಷ್ಟು? ಲೆಕ್ಕ ಹಾಕುವ ಕ್ರಮ

2020ರ ಅಕ್ಟೋಬರ್‌ನಲ್ಲಿ ಭಾರತದ ಎಂಟು ಬೀಚುಗಳಿಗೆ ಒಟ್ಟಿಗೆ ಬ್ಲೂ ಫ್ಲ್ಯಾಗ್, ಅಂದರೆ ಚೊಕ್ಕ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆಯ ಬಾವುಟ, ಸಿಕ್ಕಿತು. ಅದರಲ್ಲಿ ಎರಡು ಕರ್ನಾಟಕದವು: ಉಡುಪಿ ಜಿಲ್ಲೆಯ ಪಡುಬಿದ್ರಿ ಎಂಡ್ ಪಾಯಿಂಟ್, ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನ ಕಾಸರಕೋಡು. ಇಂಥ ಅಧಿಕೃತ ಮಾನ್ಯತೆ ಬಂದ ಕಡೆಯಲ್ಲೆಲ್ಲ ಎರಡು ಮಾತು ಹುಟ್ಟಿಕೊಳ್ಳುತ್ತವೆ. ವೇದಿಕೆಯ ಮೇಲೆ ‘ಪ್ರವಾಸೋದ್ಯಮಕ್ಕೆ ಭಾರೀ ಉತ್ತೇಜನ’, ಗ್ರಾಮಸಭೆಯಲ್ಲಿ ‘ನಮಗೆಂತ ಸಿಕ್ಕಿತು ಮಾರಾಯ್ರೇ’. ಎರಡಕ್ಕೂ ಅಂಕಿಯ ಆಧಾರ ಇರುವುದು ಅಪರೂಪ. ಆ ಅಂಕಿಯನ್ನು ಪಂಚಾಯಿತಿ ಮಟ್ಟದಲ್ಲೇ ತೆಗೆಯುವುದು ಹೇಗೆ ಎಂಬುದು ಇಲ್ಲಿದೆ. ಬೇಕಾಗುವುದು ಒಂದು ಎಕ್ಸೆಲ್ ಶೀಟು, ಎಣಿಸಲು ಕೂರುವ ನಾಲ್ಕು ಜನ ಕಾಲೇಜು ವಿದ್ಯಾರ್ಥಿಗಳು, ಒಂದು ವರ್ಷದ ತಾಳ್ಮೆ. ಹೋಮ್‌ಸ್ಟೇ ಹಾಕಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೂ ಇದೇ ಲೆಕ್ಕ ಉಪಯೋಗಕ್ಕೆ ಬರುತ್ತದೆ.

ಮೊದಲು, ಮಾನ್ಯತೆ ಅಳೆಯುವುದು ಏನನ್ನು ಎಂದು ನೋಡಿ

ಬ್ಲೂ ಫ್ಲ್ಯಾಗ್ ಕೊಡುವುದು ಕೋಪನ್‌ಹೇಗನ್‌ನಲ್ಲಿ ಕೇಂದ್ರ ಕಚೇರಿ ಇರುವ ಫೌಂಡೇಶನ್ ಫಾರ್ ಎನ್ವಿರಾನ್‌ಮೆಂಟಲ್ ಎಜುಕೇಶನ್. 1985ರಲ್ಲಿ ಫ್ರಾನ್ಸಿನಲ್ಲಿ ಶುರುವಾಗಿ, 1987ರಲ್ಲಿ ಯುರೋಪಿಗೆ ಹರಡಿ, 2001ರಲ್ಲಿ ದಕ್ಷಿಣ ಆಫ್ರಿಕಾದ ಮೂಲಕ ಯುರೋಪಿನ ಹೊರಗೆ ಬಂದದ್ದು. ಭಾರತದ ಬೀಚುಗಳನ್ನು ಇದಕ್ಕೆ ಅಣಿಗೊಳಿಸಿದ್ದು ಕೇಂದ್ರ ಪರಿಸರ ಸಚಿವಾಲಯದ ‘ಬೀಮ್ಸ್’ ಕಾರ್ಯಕ್ರಮ. ನಿಬಂಧನೆಗಳು ಒಟ್ಟು 33, ನಾಲ್ಕು ಗುಂಪಿನಲ್ಲಿ: ಪರಿಸರ ಶಿಕ್ಷಣ ಮತ್ತು ಮಾಹಿತಿ, ನೀರಿನ ಗುಣಮಟ್ಟ, ಪರಿಸರ ನಿರ್ವಹಣೆ, ಸುರಕ್ಷತೆ ಮತ್ತು ಸೇವೆ. ಬಾವುಟ ಒಂದು ಋತುವಿಗೆ ಮಾತ್ರ. ಪ್ರತಿ ವರ್ಷ ಮತ್ತೆ ಅರ್ಜಿ, ಮತ್ತೆ ಪರಿಶೀಲನೆ.

ಆ 33ರಲ್ಲಿ ಊರಿನ ಆದಾಯದ ಬಗ್ಗೆ ಒಂದೂ ಇಲ್ಲ. ಎಷ್ಟು ಜನ ಬರಬೇಕು ಎಂಬ ಷರತ್ತೂ ಇಲ್ಲ. ಲೆಕ್ಕ ಹಾಕುವವರಿಗೆ ಇದು ಅನುಕೂಲವೇ. ಚೀನಾದ ‘ಎ’ ದರ್ಜೆ ಪದ್ಧತಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ಕಾರಣ ತಿಳಿಯುತ್ತದೆ. ಅಲ್ಲಿ ಪ್ರವಾಸಿ ತಾಣಗಳಿಗೆ ಒಂದು ‘ಎ’ಯಿಂದ ಐದು ‘ಎ’ವರೆಗೆ ದರ್ಜೆ. 2003ರ ರಾಷ್ಟ್ರೀಯ ಮಾನದಂಡದ ಪ್ರಕಾರ ಐದು ‘ಎ’ ಬೇಕಾದರೆ ವರ್ಷಕ್ಕೆ 6 ಲಕ್ಷ ಪ್ರವಾಸಿಗರು, ಅವರಲ್ಲಿ 50 ಸಾವಿರ ಹೊರದೇಶದವರು ಇರಬೇಕಿತ್ತು. ಅಂದರೆ ಜನ ಬಂದದ್ದಕ್ಕೇ ದರ್ಜೆ ಸಿಕ್ಕಿರುತ್ತಿತ್ತು. ಆಮೇಲೆ ‘ದರ್ಜೆಯಿಂದ ಜನ ಬಂದರು’ ಎಂದರೆ ಗಾಡಿಯನ್ನು ಎತ್ತಿನ ಮುಂದೆ ಕಟ್ಟಿದ ಹಾಗೆ. ನಮ್ಮಲ್ಲಿ ಆ ತೊಡಕು ಕಡಿಮೆ, ಪೂರ್ತಿ ಇಲ್ಲವೆಂದಲ್ಲ. ಅರ್ಜಿ ಹಾಕಲು ಸರ್ಕಾರ ಆರಿಸಿಕೊಳ್ಳುವುದು ಮೊದಲೇ ಚೆನ್ನಾಗಿರುವ, ರಸ್ತೆ ಇರುವ, ಜಾಗದ ತಕರಾರು ಇಲ್ಲದ ಬೀಚನ್ನು. ಅಂಥದ್ದು ಬಾವುಟ ಇಲ್ಲದಿದ್ದರೂ ಸ್ವಲ್ಪ ಬೆಳೆಯುತ್ತಿತ್ತು.

ಮಾನ್ಯತೆಯಿಂದ ದುಡ್ಡು ಬರುವ ದಾರಿ ಮೂರು. ಒಂದು, ಬಾವುಟ ಏರುವ ಮೊದಲೇ ಬರುವ ಸರ್ಕಾರಿ ಖರ್ಚು: ಶೌಚಾಲಯ, ಕಾಲುದಾರಿ, ಸೋಲಾರ್ ದೀಪ, ಕೊಳೆ ನೀರು ಶುದ್ಧೀಕರಣ ಘಟಕ. ಎರಡು, ಊರಿನ ಪರಿಚಯವೇ ಇಲ್ಲದ ದೂರದವರಿಗೆ ‘ಇಲ್ಲಿ ಶೌಚಾಲಯ ಚೊಕ್ಕವಿದೆ, ಮಕ್ಕಳನ್ನು ನೀರಿಗಿಳಿಸಬಹುದು’ ಎಂಬ ಭರವಸೆ. ಮೂರು, ಪ್ರವೇಶ ಶುಲ್ಕ, ಪಾರ್ಕಿಂಗ್, ಅಂಗಡಿ ಏಲಂನ ದರ ಏರುವುದು. ಎರಡನೆಯ ದಾರಿಯ ಫಲ ಹೆಸರಿಲ್ಲದ ತಾಣಕ್ಕೆ ಹೆಚ್ಚು. ಮುರುಡೇಶ್ವರಕ್ಕೋ ಮಲ್ಪೆಗೋ ಹೋಗುವವರಿಗೆ ಯಾವ ಪ್ರಮಾಣಪತ್ರವೂ ಬೇಕಿಲ್ಲ.

ಗಡಿ ಎಳೆಯಿರಿ

‘ಊರಿಗೆ ಎಷ್ಟು ಬಂತು’ ಎನ್ನುವಾಗ ಊರು ಎಂದರೆ ಎಲ್ಲಿವರೆಗೆ? ಬೀಚಿನ ಬೇಲಿಯೊಳಗೆ, ಗ್ರಾಮ ಪಂಚಾಯಿತಿ, ತಾಲ್ಲೂಕು, ಜಿಲ್ಲೆ, ಈ ನಾಲ್ಕಕ್ಕೂ ಉತ್ತರ ಬೇರೆ ಬೇರೆ. ಪಡುಬಿದ್ರಿ ಹೆದ್ದಾರಿ 66ರ ಪಕ್ಕದಲ್ಲೇ ಇದೆ. ಬೆಳಿಗ್ಗೆ ಕೃಷ್ಣಮಠ, ಮಧ್ಯಾಹ್ನ ಮಲ್ಪೆ, ಸಂಜೆ ಎಂಡ್ ಪಾಯಿಂಟ್, ರಾತ್ರಿ ಉಡುಪಿಯಲ್ಲೋ ಮಂಗಳೂರಿನಲ್ಲೋ ಲಾಡ್ಜು: ಇದು ಬಹಳ ಸಹಜವಾದ ದಾರಿ. ಇಂಥವರ ದಿನದ ದೊಡ್ಡ ಖರ್ಚು ಪಡುಬಿದ್ರಿಯಲ್ಲಿ ಆಗುವುದೇ ಇಲ್ಲ. ಕಾಸರಕೋಡಿನ ಸ್ಥಿತಿ ಬೇರೆ. ಶರಾವತಿ ಸೇತುವೆಯ ಆಚೆ ದಡದಲ್ಲೇ ಹೊನ್ನಾವರ ಪೇಟೆ. ತಂಗುವುದು ಅಲ್ಲಿಯಾದರೆ ಪಂಚಾಯಿತಿಗೆ ನಷ್ಟ ಅನ್ನಿಸಬಹುದು, ತಾಲ್ಲೂಕಿಗೆ ಲಾಭವೇ.

ನಾಲ್ಕು ಗಡಿಗೂ ಶೀಟಿನಲ್ಲಿ ನಾಲ್ಕು ಕಂಬ (ಕಾಲಂ) ಹಾಕಿ. ಪ್ರತಿ ರೂಪಾಯಿ ಯಾವ ಕಂಬದೊಳಗೆ ಬಿತ್ತು ಎಂದು ಗುರುತಿಸಿ. ವೇದಿಕೆಯವರೂ ಗ್ರಾಮಸಭೆಯವರೂ ಒಟ್ಟಿಗೆ ಸರಿಯಾಗಿರುವುದು ಹೇಗೆ ಸಾಧ್ಯ ಎಂಬುದು ಇಲ್ಲೇ ಗೊತ್ತಾಗುತ್ತದೆ. ಒಬ್ಬರು ಜಿಲ್ಲೆಯ ಕಂಬ ಓದುತ್ತಿರುತ್ತಾರೆ, ಇನ್ನೊಬ್ಬರು ಪಂಚಾಯಿತಿಯದ್ದು.

ಯಾವ ವರ್ಷಕ್ಕೆ ಯಾವ ವರ್ಷವನ್ನು ಹೋಲಿಸಬೇಕು

ನಮ್ಮ ಎರಡೂ ಬೀಚುಗಳ ವಿಷಯದಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. ಬಾವುಟ ಬಂದದ್ದು ಕೋವಿಡ್ ನಡುವೆ. 2020ನ್ನು ‘ಮೊದಲು’ ಎಂದೂ 2022ನ್ನು ‘ನಂತರ’ ಎಂದೂ ಹಿಡಿದರೆ ಕರಾವಳಿಯ ಪ್ರತಿ ಬೀಚೂ, ಬಾವುಟ ಇಲ್ಲದ್ದೂ ಸೇರಿ, ಹಲವು ಪಟ್ಟು ಬೆಳೆದಂತೆ ಕಾಣುತ್ತದೆ. 2020 ಮತ್ತು 2021ನ್ನು ಪೂರ್ತಿ ಬಿಡಿ. 2018 ಮತ್ತು 2019ರ ಸರಾಸರಿಯನ್ನು ‘ಮೊದಲು’ ಎಂದು ಇಟ್ಟುಕೊಳ್ಳಿ.

ತಿಂಗಳಿಗೆ ತಿಂಗಳನ್ನೇ ಹೋಲಿಸಿ. ದಸರಾ, ದೀಪಾವಳಿ ಒಂದು ವರ್ಷ ಅಕ್ಟೋಬರ್‌ನಲ್ಲಿ ಬಂದರೆ ಮತ್ತೊಂದು ವರ್ಷ ನವೆಂಬರ್‌ಗೆ ಜಾರುವುದರಿಂದ ಆ ಎರಡು ತಿಂಗಳನ್ನು ಸೇರಿಸಿ ಒಂದೇ ಸಾಲಿನಲ್ಲಿ ಬರೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲವನ್ನು ಬೇರೆ ಇಡಿ. ಆಗ ಬರುವವರು ಕಡಲು ನೋಡಲು ಬರುತ್ತಾರೆ, ಇಳಿಯಲು ಅಲ್ಲ. ಅವರ ಖರ್ಚಿನ ರೀತಿಯೇ ಬೇರೆ.

ನಡುವೆ ಬಂದ ಇತರ ಬದಲಾವಣೆಗಳನ್ನೂ ದಿನಾಂಕ ಸಹಿತ ಬರೆದಿಡಬೇಕು. ದೊಡ್ಡದು ಶಕ್ತಿ ಯೋಜನೆ: 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ. ಇದರಲ್ಲಿ ಒಂದು ಸೂಕ್ಷ್ಮವಿದೆ. ಉತ್ತರ ಕನ್ನಡದಲ್ಲಿ ಓಡಾಟ ಹೆಚ್ಚಾಗಿ ವಾಯವ್ಯ ಸಾರಿಗೆಯ ಸರ್ಕಾರಿ ಬಸ್ಸಿನಲ್ಲಿ, ಉಡುಪಿಯಲ್ಲಿ ಹೆಚ್ಚಾಗಿ ಖಾಸಗಿ ಬಸ್ಸಿನಲ್ಲಿ. ಹಾಗಾಗಿ ಕಾಸರಕೋಡನ್ನು ಉಡುಪಿ ಜಿಲ್ಲೆಯ ಬೀಚಿನೊಂದಿಗೆ ಹೋಲಿಸಿದರೆ ಶಕ್ತಿಯ ಪರಿಣಾಮವೆಲ್ಲ ಬಾವುಟದ ಖಾತೆಗೆ ಜಮೆಯಾಗಿಬಿಡುತ್ತದೆ. ಮಂಗಳೂರು–ಮಡಗಾಂವ್ ವಂದೇ ಭಾರತ್ ರೈಲು 2023ರ ಡಿಸೆಂಬರ್ 30ರಂದು ಶುರುವಾಯಿತು. ಹೆದ್ದಾರಿ ಚತುಷ್ಪಥವಾದದ್ದು ತುಂಡು ತುಂಡಾಗಿ, ಬೇರೆ ಬೇರೆ ವರ್ಷಗಳಲ್ಲಿ. ನಿಮ್ಮ ಬೀಚಿನ ಹತ್ತಿರದ ತುಂಡು ಎಂದು ಮುಗಿಯಿತು ಎಂಬುದನ್ನು ಬರೆದುಕೊಳ್ಳಿ.

ಜೋಡಿ ಬೀಚು ಆರಿಸುವುದು

ಬಾವುಟ ಇಲ್ಲದ, ಉಳಿದೆಲ್ಲದರಲ್ಲಿ ಹತ್ತಿರ ಹತ್ತಿರ ಇರುವ ಒಂದು ಬೀಚು ಬೇಕು. ಪಡುಬಿದ್ರಿಗೆ ಕಾಪು ಚೆನ್ನಾಗಿ ಹೊಂದುತ್ತದೆ: ಅದೇ ಹೆದ್ದಾರಿ, ಅದೇ ಜಿಲ್ಲೆ, ಬರುವವರೂ ಅದೇ ಊರುಗಳವರು. ಆದರೆ ತೀರಾ ಹತ್ತಿರ. ಕಾಪಿಗೆ ಹೋಗುತ್ತಿದ್ದ ಕಾರು ಪಡುಬಿದ್ರಿಗೆ ತಿರುಗಿದರೆ ಇಲ್ಲಿ ಒಂದು ಹೆಚ್ಚು, ಅಲ್ಲಿ ಒಂದು ಕಡಿಮೆ. ವ್ಯತ್ಯಾಸ ಎರಡಾಗಿ ಕಾಣುತ್ತದೆ, ಜಿಲ್ಲೆಗೆ ಬಂದದ್ದು ಸೊನ್ನೆ. ಆದ್ದರಿಂದ ಒಂದು ಹತ್ತಿರದ ಜೋಡಿ, ಒಂದು ದೂರದ ಜೋಡಿ, ಎರಡೂ ಇರಲಿ. ಪಡುಬಿದ್ರಿಗೆ ದೂರದ್ದು ಎಂದರೆ ಮರವಂತೆ. ಕಾಸರಕೋಡಿಗೆ ಮುರುಡೇಶ್ವರವನ್ನು ಜೋಡಿ ಮಾಡಬೇಡಿ. ಅಲ್ಲಿಗೆ ಜನರನ್ನು ಎಳೆಯುವುದು ದೇವಸ್ಥಾನ ಮತ್ತು ಶಿವನ ಮೂರ್ತಿ. ಕುಮಟಾ ಕಡೆಯ ಧಾರೇಶ್ವರ ವಾಸಿ.

ಲೆಕ್ಕ ಸರಳ. ಇಲ್ಲಿನ ಅಂಕಿಗಳು ಕ್ರಮ ತೋರಿಸಲು ಇಟ್ಟುಕೊಂಡವು, ಯಾವ ಬೀಚಿನವೂ ಅಲ್ಲ. ಬಾವುಟದ ಬೀಚಿಗೆ ಮೊದಲು ತಿಂಗಳಿಗೆ 10,000 ಜನ, ಈಗ 16,000. ಜೋಡಿ ಬೀಚಿಗೆ ಮೊದಲು 6,000, ಈಗ 8,400, ಅಂದರೆ ಶೇ 40 ಏರಿಕೆ. ಬಾವುಟ ಇಲ್ಲದಿದ್ದರೂ ನಮ್ಮ ಬೀಚು ಇದೇ ಶೇ 40ರಷ್ಟು ಏರಿ 14,000ಕ್ಕೆ ಬರುತ್ತಿತ್ತು. ಬಾವುಟದ ಪಾಲು 16,000 ಕಳೆ 14,000, ಅಂದರೆ 2,000. ಪತ್ರಿಕಾ ಹೇಳಿಕೆಯಲ್ಲಿ 6,000 ಎಂದು ಬರುತ್ತದೆ.

ಜೋಡಿ ಸರಿಯೇ ಎಂದು ಪರೀಕ್ಷಿಸಲು 2016ರಿಂದ 2019ರವರೆಗಿನ ಏರಿಳಿತ ನೋಡಿ. ಆ ವರ್ಷಗಳಲ್ಲಿ ಎರಡೂ ಬೀಚು ಸುಮಾರು ಒಂದೇ ವೇಗದಲ್ಲಿ ಬೆಳೆದಿದ್ದರೆ ಜೋಡಿ ಹೊಂದುತ್ತದೆ. ಒಂದು ಓಡುತ್ತಾ ಇನ್ನೊಂದು ತೆವಳುತ್ತಾ ಇದ್ದರೆ ಬೇರೆ ಜೋಡಿ ಹುಡುಕಿ.

ಹಳೆಯ ಅಂಕಿ ಎಲ್ಲಿಂದ? ಟಿಕೆಟ್ ಲೆಕ್ಕ ಬಾವುಟದ ಮೊದಲು ಇರುವುದಿಲ್ಲ, ಬೀಚು ತೆರೆದೇ ಇತ್ತು. ಪರೋಕ್ಷ ದಾಖಲೆ ಹಿಡಿಯಬೇಕು. ಪಾರ್ಕಿಂಗ್ ಏಲಂನ ಮೊತ್ತ, ಪಂಚಾಯಿತಿಯ ಅಂಗಡಿ ಪರವಾನಗಿ ಪುಸ್ತಕ, ರೈಲು ನಿಲ್ದಾಣದ ಟಿಕೆಟ್ ಸಂಖ್ಯೆ. ಎಲ್ಲಕ್ಕಿಂತ ನಂಬಿಕಸ್ಥ ದಾಖಲೆ ಎಂದರೆ ವಿದ್ಯುತ್ ಮೀಟರು. ಉಡುಪಿಯಲ್ಲಿ ಮೆಸ್ಕಾಂ, ಉತ್ತರ ಕನ್ನಡದಲ್ಲಿ ಹೆಸ್ಕಾಂ. ವಾಣಿಜ್ಯ ದರದ ಎಲ್‌ಟಿ-3 ಸಂಪರ್ಕಗಳು ಊರವಾರು ಎಷ್ಟಿದ್ದವು, ಎಷ್ಟಾದವು ಎಂದು ಕೇಳಿ. ಅಂಗಡಿ ಶುರುಮಾಡಿದವರು ಪರವಾನಗಿ ತಪ್ಪಿಸಿಕೊಳ್ಳಬಹುದು, ಕರೆಂಟು ತಪ್ಪಿಸಿಕೊಳ್ಳುವುದು ಕಷ್ಟ. ಮಾಹಿತಿ ಹಕ್ಕಿನಡಿ ಕೇಳುವುದಾದರೆ ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಮೀಟರು, ಏಲಂ, ಪರವಾನಗಿ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುಂಬಿದರೆ ವಾಪಸು ಬರುತ್ತದೆ.

ಗೂಗಲ್ ಮ್ಯಾಪ್‌ನ ತಿಂಗಳವಾರು ವಿಮರ್ಶೆಗಳ ಸಂಖ್ಯೆಯೂ ಒಂದು ಸುಳಿವು. ಬರೆಯುವವರೇ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿರುವುದರಿಂದ ಅದನ್ನು ಒಂಟಿಯಾಗಿ ಓದಬೇಡಿ, ಜೋಡಿ ಬೀಚಿನ ಸಂಖ್ಯೆಯೊಂದಿಗೇ ಓದಿ.

ಎಣಿಕೆ

ತಿಂಗಳಿಗೆ ನಾಲ್ಕು ದಿನ ಸಾಕು: ಎರಡು ವಾರದ ದಿನ, ಒಂದು ಶನಿವಾರ, ಒಂದು ಭಾನುವಾರ. ಬೆಳಿಗ್ಗೆ 8ರಿಂದ ಸಂಜೆ 7ರವರೆಗೆ ಗೇಟಿನಲ್ಲಿ ಇಬ್ಬರು, ಪಾಳಿಯಲ್ಲಿ. ಬೈಕು, ಕಾರು, ಟೆಂಪೋ ಟ್ರಾವೆಲರ್, ಬಸ್ಸು ಬೇರೆ ಬೇರೆ ಕಂಬ. ಪ್ರತಿ ಹತ್ತನೆಯ ವಾಹನದಲ್ಲಿ ಎಷ್ಟು ಜನ ಎಂದು ಎಣಿಸಿ. ಬೆಳಗಿನ ವಾಕಿಂಗಿಗೆ ಬರುವ ಊರವರನ್ನೂ ಸಿಬ್ಬಂದಿಯನ್ನೂ ಪ್ರತ್ಯೇಕ ಗುರುತಿಸಿ ಕಳೆಯಿರಿ.

ವಾರದ ದಿನ ಸರಾಸರಿ 120 ಕಾರು, ಶನಿವಾರ 260, ಭಾನುವಾರ 410 ಎಂದಿಟ್ಟುಕೊಳ್ಳಿ. 22 ವಾರದ ದಿನ, 4 ಶನಿವಾರ, 4 ಭಾನುವಾರ ಇರುವ ತಿಂಗಳಿಗೆ 2,640 ಕೂಡು 1,040 ಕೂಡು 1,640, ಒಟ್ಟು 5,320 ಕಾರು. ಕಾರಿಗೆ 3.6 ಜನ ಎಂದರೆ 19,152. ಭಾನುವಾರ ಮಾತ್ರ ಎಣಿಸಿ 30ರಿಂದ ಗುಣಿಸಿದರೆ 12,300 ಕಾರು ಆಗುತ್ತದೆ, ನಿಜದ ಎರಡು ಪಟ್ಟಿಗಿಂತ ಹೆಚ್ಚು. ‘ಲಕ್ಷಾಂತರ ಪ್ರವಾಸಿಗರು’ ಎಂಬ ಶೀರ್ಷಿಕೆಗಳ ಹಿಂದೆ ಎಷ್ಟೋ ಸಲ ಇರುವುದು ಇಂಥ ಗುಣಾಕಾರ.

ಕೇಳುವ ಪ್ರಶ್ನೆಗಳು, ಕೇಳುವ ಕ್ರಮ

ಒಳಗೆ ಬರುವವರನ್ನಲ್ಲ, ಹೊರಗೆ ಹೋಗುವವರನ್ನು ಕೇಳಿ. ಖರ್ಚು ಮಾಡಿ ಮುಗಿಸಿದವರಿಗೆ ಮಾತ್ರ ಖರ್ಚು ಗೊತ್ತು. ಸೂರ್ಯಾಸ್ತದ ಆಚೀಚಿನ ಒಂದೂವರೆ ಗಂಟೆಯಲ್ಲಿ ಹೆಚ್ಚಿನವರು ಹೊರಡುತ್ತಾರೆ. ಪ್ರತಿ ಐದನೆಯ ಗುಂಪನ್ನು ನಿಲ್ಲಿಸಿ. ಮಾತಿಗೆ ಸಿಗುವಂತೆ ಕಂಡವರನ್ನು ಆರಿಸಿಕೊಳ್ಳಬೇಡಿ. ವರ್ಷಕ್ಕೆ 400 ಗುಂಪು ಆದರೆ ಶೇಕಡಾವಾರು ಉತ್ತರಗಳಲ್ಲಿ ಹೆಚ್ಚು ಕಡಿಮೆ 5 ಅಂಶದ ತಪ್ಪಿನೊಳಗೆ ಇರುತ್ತೀರಿ. 100 ಗುಂಪಾದರೆ 10 ಅಂಶ. ಕ್ರಮ ಹೀಗಿರಲಿ:

1. ಯಾವ ಊರಿಂದ? ಪಿನ್‌ಕೋಡ್ ಸಿಕ್ಕಿದರೆ ಒಳ್ಳೆಯದು.
2. ನಿನ್ನೆ ರಾತ್ರಿ ಎಲ್ಲಿ ಉಳಿದಿರಿ, ಇವತ್ತು ರಾತ್ರಿ ಎಲ್ಲಿ?
3. ಗುಂಪಿನಲ್ಲಿ ಎಷ್ಟು ಜನ?
4. ಇವತ್ತು ಊಟ ತಿಂಡಿ, ರೂಮು, ಓಡಾಟ, ಟಿಕೆಟ್, ಸಾಮಾನು, ಒಂದೊಂದಕ್ಕೆ ಎಷ್ಟು ಖರ್ಚಾಯಿತು, ಯಾವ ಊರಲ್ಲಿ?
5. ಈ ಬೀಚಿಗೇ ಯಾಕೆ ಬಂದಿರಿ?
6. ಈ ಬೀಚು ಇಲ್ಲದಿದ್ದರೆ ಎಲ್ಲಿಗೆ ಹೋಗುತ್ತಿದ್ದಿರಿ?
7. ಕೊನೆಗೆ ಬಾವುಟದ ಚಿತ್ರ ತೋರಿಸಿ: ಇದೇನು ಗೊತ್ತೇ? ಬರುವ ಮೊದಲೇ ಗೊತ್ತಿತ್ತೇ?

ಐದನೆಯದು ಏಳನೆಯದಕ್ಕಿಂತ ಮೊದಲೇ ಬರಬೇಕು. ಬಾವುಟದ ಮಾತು ಮೊದಲು ತೆಗೆದರೆ ‘ಹೌದು ಹೌದು, ಅದಕ್ಕೇ ಬಂದದ್ದು’ ಎಂಬ ಉತ್ತರ ಸೌಜನ್ಯಕ್ಕೇ ಬಂದುಬಿಡುತ್ತದೆ. ಆರನೆಯದರ ಉತ್ತರವನ್ನು ಗಡಿಯ ಕಂಬಗಳೊಂದಿಗೆ ಹೊಂದಿಸಿ. ‘ಕಾಪಿಗೆ ಹೋಗುತ್ತಿದ್ದೆವು’ ಎಂದವರ ಖರ್ಚು ಪಡುಬಿದ್ರಿ ಪಂಚಾಯಿತಿಗೆ ಹೊಸದು, ಉಡುಪಿ ಜಿಲ್ಲೆಗೆ ಅಲ್ಲ. ‘ಗೋವಾಕ್ಕೆ ಹೋಗುತ್ತಿದ್ದೆವು’ ಎಂದವರದ್ದು ರಾಜ್ಯಕ್ಕೇ ಹೊಸದು. ‘ಹೇಗೂ ಬರುತ್ತಿದ್ದೆವು’ ಎಂದವರದ್ದು ಯಾರಿಗೂ ಹೊಸದಲ್ಲ.

ಖರ್ಚಿಗೆ ಸರಾಸರಿಯ ಜೊತೆ ನಡುವಿನ ಅಂಕಿಯನ್ನೂ ಬರೆಯಿರಿ. ಎಲ್ಲ ಗುಂಪುಗಳನ್ನು ಖರ್ಚಿನ ಏರಿಕೆಯಲ್ಲಿ ಜೋಡಿಸಿ ನಡುವೆ ಬರುವುದು ಎಷ್ಟು ಎಂದು. ಮದುವೆ ಪೂರ್ವ ಫೋಟೋ ಶೂಟಿಗೆ ಬಂದ ಒಂದೇ ಗುಂಪು ಇಡೀ ದಿನದ ಸರಾಸರಿಯನ್ನು ಮೇಲಕ್ಕೆಳೆಯುತ್ತದೆ.

ಒಂದು ತಟ್ಟೆ ಬಂಗುಡೆಯಲ್ಲಿ ಊರಿನ ಪಾಲು

ಪ್ರವಾಸಿ ಕೊಟ್ಟ ದುಡ್ಡೆಲ್ಲ ಊರಿನ ಆದಾಯವಲ್ಲ. ಬೀಚಿನ ಅಂಗಡಿಯ ಒಂದು ತಟ್ಟೆ ಬಂಗುಡೆ ಫ್ರೈಗೆ 120 ರೂಪಾಯಿ ಎಂದು ಹಿಡಿಯೋಣ. ಮೀನಿಗೆ 45, ಎಣ್ಣೆ ಮಸಾಲೆಗೆ 20, ಗ್ಯಾಸಿಗೆ 10, ಕೆಲಸದವರಿಗೆ 15, ಅಂಗಡಿಯವರಿಗೆ ಉಳಿದದ್ದು 30. ಮೀನು ಊರಿನ ನಾಡದೋಣಿಯದ್ದು, ಅಂಗಡಿ ಊರವರದ್ದು, ಕೆಲಸಕ್ಕೆ ಊರಿನ ಹೆಂಗಸರು ಎಂದಾದರೆ ಉಳಿಯುವುದು 45, 15, 30, ಒಟ್ಟು 90 ರೂಪಾಯಿ, ಶೇ 75. ಮೀನು ಹೊರಗಿನ ಐಸ್ ಮೀನಾದರೆ 45ಕ್ಕೆ ಇಳಿಯಿತು. ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವ ಜೂನ್, ಜುಲೈಯಲ್ಲಿ ಹೀಗಾಗುವುದು ಸಾಮಾನ್ಯ. ಅದರ ಮೇಲೆ ಅಂಗಡಿಯನ್ನೂ ಏಲಂನಲ್ಲಿ ಪರಊರಿನವರು ಹಿಡಿದಿದ್ದರೆ ಉಳಿಯುವುದು ಬರೀ ಕೂಲಿಯ 15 ರೂಪಾಯಿ, ಶೇ 12.5.

ಬಾವುಟ ಅದೇ, ತಟ್ಟೆ ಅದೇ. ಊರಿನ ಪಾಲು 90 ಆಗುತ್ತದೋ 15 ಆಗುತ್ತದೋ ಎಂಬುದನ್ನು ತೀರ್ಮಾನಿಸುವುದು ಏಲಂನ ಷರತ್ತು. ಹಾಗಾಗಿ ಪಂಚಾಯಿತಿ ಸದಸ್ಯರು ಮಾನ್ಯತೆಯ ಸಮಾರಂಭಕ್ಕಿಂತ ಏಲಂ ಪ್ರಕಟಣೆಯ ಕರಡಿನ ಮೇಲೆ ಹೆಚ್ಚು ಕಣ್ಣಿಡಬೇಕು: ದೊಡ್ಡ ಒಂದೇ ಗುತ್ತಿಗೆಯ ಬದಲು ಸಣ್ಣ ಸಣ್ಣ ಮಳಿಗೆಗಳು, ಸ್ವಸಹಾಯ ಸಂಘಗಳಿಗೆ ಮೀಸಲು, ಠೇವಣಿ ಮೊತ್ತ ಊರವರ ಕೈಗೆಟುಕುವಷ್ಟು.

ಉಳಿದವಕ್ಕೂ ಹೀಗೇ ಬಿಡಿಸಿ ನೋಡಿ. ಊರ ತೋಟದ ಬೊಂಡದ ದುಡ್ಡು ಹೆಚ್ಚುಕಡಿಮೆ ಪೂರ್ತಿ ಇಲ್ಲೇ ಉಳಿಯುತ್ತದೆ, ಬಾಟಲಿ ನೀರಿನದ್ದು ಹೆಚ್ಚು ಪಾಲು ಹೋಗುತ್ತದೆ. ಹೋಮ್‌ಸ್ಟೇ ಬಾಡಿಗೆಯಲ್ಲಿ ಬುಕಿಂಗ್ ಆಪ್‌ನ ಕಮಿಷನ್ ಕಳೆಯಿರಿ. ಪೆಟ್ರೋಲಿನಲ್ಲಿ ಊರಿಗೆ ಸಿಗುವುದು ಬಂಕಿನವರ ಕಮಿಷನ್ ಮಾತ್ರ. ‘ಪ್ರವಾಸೋದ್ಯಮದ ಒಂದು ರೂಪಾಯಿ ಮೂರಾಗುತ್ತದೆ’ ಎಂಬಂಥ ಗುಣಕಗಳನ್ನು ಎಲ್ಲಿಂದಲೋ ತಂದು ಹಚ್ಚಬೇಡಿ. ಸಣ್ಣ ಊರಿನಲ್ಲಿ ಸಂಬಳ ಪಡೆದವರೂ ಸಾಮಾನು ತರುವುದು ಪೇಟೆಯಿಂದಲೇ.

ಮೈನಸ್ ಕಂಬವೂ ಇರಲಿ. ಕೈರಂಪಣಿ ಬಲೆ ಎಳೆಯಲು ಉದ್ದಕ್ಕೂ ತೆರೆದ ಮರಳು ಬೇಕು, ಮೀನು ಒಣಗಿಸಲು ಜಾಗ ಬೇಕು, ದೋಣಿ ಎಳೆದಿಡಲು ಇಳಿಜಾರು ಬೇಕು. ಬೇಲಿ, ಈಜು ವಲಯ, ವಾಸನೆಯ ದೂರು ಇವುಗಳಿಂದ ಆ ಕೆಲಸ ಎಷ್ಟು ದಿನ ನಿಂತಿತು, ಎಷ್ಟು ದೂರ ಸರಿಯಿತು ಎಂದು ಮೀನುಗಾರರ ಸಹಕಾರ ಸಂಘದಲ್ಲಿ ಕೇಳಿ ಬರೆಯಿರಿ. ಇದನ್ನು ಬಿಟ್ಟ ಲೆಕ್ಕವನ್ನು ಊರಲ್ಲಿ ಯಾರೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಬಾವುಟ ಉಳಿಸಿಕೊಳ್ಳುವ ಖರ್ಚು

ಹೊಸತರಲ್ಲಿ ಕಟ್ಟಡಕ್ಕೆ ಹಣ ಬರುತ್ತದೆ. ನಾಲ್ಕನೆಯ ವರ್ಷ ನಲ್ಲಿ ರಿಪೇರಿಗೆ ಬರುವುದಿಲ್ಲ. ಉಪ್ಪು ಗಾಳಿಗೆ ಶವರಿನ ಕೊಳವೆ, ಸಿಸಿಟಿವಿಯ ಪೆಟ್ಟಿಗೆ, ಸೋಲಾರ್ ಪ್ಯಾನಲಿನ ಬೋಲ್ಟು, ಗಾಲಿಕುರ್ಚಿಯ ಬೇರಿಂಗು ಎಲ್ಲವೂ ತುಕ್ಕು ಹಿಡಿಯುತ್ತವೆ. ಸಾಮಾನ್ಯ ಕಬ್ಬಿಣ ಹಾಕಿ ವರ್ಷವರ್ಷ ಬದಲಿಸುವುದಕ್ಕಿಂತ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲನ್ನು ಮೊದಲೇ ಟೆಂಡರಿನಲ್ಲಿ ಬರೆಯಿಸುವುದು ಅಗ್ಗ.

ಜೀವರಕ್ಷಕರ ಲೆಕ್ಕದಲ್ಲಿ ತಪ್ಪುವುದು ಹೆಚ್ಚು. ಇಬ್ಬರಿಗಿಂತ ಕಡಿಮೆ ಇರಬಾರದು, ಒಬ್ಬರಿಂದೊಬ್ಬರಿಗೆ 200 ಮೀಟರಿಗಿಂತ ಹೆಚ್ಚು ಅಂತರ ಬೇಡ ಎಂಬುದು ಬ್ಲೂ ಫ್ಲ್ಯಾಗ್‌ನ ಶಿಫಾರಸು. ಇಬ್ಬರನ್ನು ನೇಮಿಸಿದರೆ ಸಾಕು ಎಂದುಕೊಳ್ಳುತ್ತಾರೆ. ವಾರದ ರಜೆ ಇದೆಯಲ್ಲ. ದಿನವೂ ಇಬ್ಬರು ನಿಂತಿರಬೇಕಾದರೆ 2 ಗುಣಿಸು 7 ಭಾಗಿಸು 6, ಅಂದರೆ 2.33; ನೇಮಕ ಮೂವರ ಲೆಕ್ಕ. ಬೆಳಿಗ್ಗೆ 8ರಿಂದ ಸಂಜೆ ಆರೂವರೆವರೆಗೆ ಒಬ್ಬರೇ ನೀರನ್ನು ದಿಟ್ಟಿಸಲಾಗದು, ಪಾಳಿ ಒಂದೂವರೆ ಬೇಕು. 2.33 ಗುಣಿಸು 1.5, ಅಂದರೆ 3.5; ನೇಮಕ ನಾಲ್ವರ ಲೆಕ್ಕ. ತಿಂಗಳಿಗೆ 18,000ದಂತೆ ನಾಲ್ವರು ಜೀವರಕ್ಷಕರು, 15,000ದಂತೆ ಆರು ಸ್ವಚ್ಛತಾ ಸಿಬ್ಬಂದಿ ಎಂದು ಹಿಡಿದರೆ ಸಂಬಳವೇ 1.62 ಲಕ್ಷ. ಇದರ ಪಕ್ಕದಲ್ಲಿ ಹಿಂದಿನ ಉದಾಹರಣೆಯ ಹೆಚ್ಚುವರಿ 2,000 ಜನರನ್ನು ಇಡಿ. ತಲೆಗೆ 350 ರೂಪಾಯಿ ಖರ್ಚು, ಅದರಲ್ಲಿ ಶೇ 35 ಊರಲ್ಲಿ ಉಳಿಯಿತು ಎಂದರೆ 2.45 ಲಕ್ಷ. ವಿದ್ಯುತ್, ನೀರು ಪರೀಕ್ಷೆ, ರಿಪೇರಿ ಇನ್ನೂ ಕಳೆಯಬೇಕು. ಪಂಚಾಯಿತಿಯ ಕಂಬದಲ್ಲಿ ಸರ್ಕಾರ ಕೊಡುವ ಸಂಬಳ ಆದಾಯ, ಸರ್ಕಾರದ ಕಂಬದಲ್ಲಿ ಅದೇ ಖರ್ಚು. ಎರಡನ್ನೂ ಕಲಸಬೇಡಿ.

ನೀರಿನ ಪರೀಕ್ಷೆಗೆ ಋತುವಿನಲ್ಲಿ ಕನಿಷ್ಠ ಐದು ಮಾದರಿ, ಎರಡರ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರಕೂಡದು. ಹೆಚ್ಚು ಜನ ಸ್ನಾನ ಮಾಡುವ ಕಡೆ, ಮೇಲ್ಮೈಯಿಂದ ಸುಮಾರು 30 ಸೆಂಟಿಮೀಟರ್ ಕೆಳಗಿನ ನೀರು. ಹೊಳೆ, ತೋಡು ಬಂದು ಸೇರುವಲ್ಲಿ ಹೆಚ್ಚುವರಿ ಮಾದರಿ. ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾಗಳ ಪೈಕಿ 100 ಮಿಲಿಲೀಟರಿಗೆ ಇ.ಕೋಲಿ 250, ಕರುಳಿನ ಎಂಟರೊಕೊಕೈ 100 ದಾಟಬಾರದು, ಶೇ 95ರಷ್ಟು ಮಾದರಿಗಳಲ್ಲಿ. ಮಾದರಿ ಬಾಟಲಿಯನ್ನು ಐಸ್ ಪೆಟ್ಟಿಗೆಯಲ್ಲಿ, ಬಿಸಿಲು ಬೀಳದಂತೆ, ಅದೇ ದಿನ ಪ್ರಯೋಗಾಲಯಕ್ಕೆ ಮುಟ್ಟಿಸಿ. ಬೈಕಿನ ಡಿಕ್ಕಿಯಲ್ಲಿ ಮಧ್ಯಾಹ್ನ ಕಾದ ಬಾಟಲಿಯ ಫಲಿತಾಂಶಕ್ಕೆ ಅರ್ಥವಿಲ್ಲ.

ಅಂಕಿ ಕೆಡುವುದು ಹೆಚ್ಚಾಗಿ ಅಕಾಲ ಮಳೆಯ ಮರುದಿನ. ಆಗ ದಡದಲ್ಲಿ ಎಷ್ಟು ಗುಡಿಸಿದರೂ ಪ್ರಯೋಜನವಿಲ್ಲ. ಕಾಸರಕೋಡಿನ ಪಕ್ಕ ಶರಾವತಿ, ಪಡುಬಿದ್ರಿಯ ಪಕ್ಕ ಕಾಮಿನಿ ಹೊಳೆ ಕಡಲು ಸೇರುತ್ತವೆ. ಮೇಲಿನ ಪೇಟೆಯ ಚರಂಡಿ ನೀರು ಹೊಳೆಗೆ ಬಿದ್ದರೆ ಅದರ ಲೆಕ್ಕ ಬರುವುದು ಬೀಚಿನ ಮಾದರಿಯಲ್ಲಿ. ಕೊಳಕು ಮಾಡುವವರು ಒಂದು ಸ್ಥಳೀಯ ಸಂಸ್ಥೆ, ಬಾವುಟ ಕಳೆದುಕೊಳ್ಳುವವರು ಇನ್ನೊಂದು. ಆದ್ದರಿಂದ ಬೀಚ್ ನಿರ್ವಹಣಾ ಸಮಿತಿಯ ಸಭೆಗೆ ಮೇಲ್ದಂಡೆಯ ಪಟ್ಟಣದ ಆರೋಗ್ಯಾಧಿಕಾರಿಯನ್ನು ಕರೆಯಲೇಬೇಕು, ಹೊಳೆಯ ಮಾದರಿಯ ಫಲಿತಾಂಶ ಅವರ ಮುಂದಿರಬೇಕು.

ಬಂದವರನ್ನು ರಾತ್ರಿ ಉಳಿಸುವುದು

ಎರಡನೆಯ ಪ್ರಶ್ನೆಯ ಉತ್ತರಗಳೇ ಇಡೀ ಸಮೀಕ್ಷೆಯ ಜೀವಾಳ. ಸಂಜೆ ಬಂದು ಹೋಗುವವರು ಪಾರ್ಕಿಂಗ್ ಚೀಟಿ, ಚುರುಮುರಿ, ಐಸ್‌ಕ್ರೀಮಿಗೆ ನಿಲ್ಲುತ್ತಾರೆ. ರಾತ್ರಿ ಉಳಿದವರು ರೂಮು, ರಾತ್ರಿಯೂಟ, ಬೆಳಗಿನ ತಿಂಡಿ, ಆಟೋ ಎಂದು ಕೊಡುತ್ತಾ ಹೋಗುತ್ತಾರೆ. ತಲೆ ಎಣಿಸುವುದನ್ನು ಬಿಟ್ಟು ರಾತ್ರಿ ಎಣಿಸಿ ಎನ್ನುವುದು ಇದಕ್ಕೇ.

ಬೀಚು ಸಂಜೆಯ ಸರಕು. ರಾತ್ರಿ ಉಳಿಯಬೇಕಾದರೆ ರಾತ್ರಿಗೊಂದು, ಮರುದಿನ ಬೆಳಿಗ್ಗೆಗೊಂದು ಕಾರಣ ಬೇಕು. ಕಾಸರಕೋಡಿಗೆ ಎರಡೂ ಕೈಗೆಟುಕುವಲ್ಲಿವೆ. ಬೆಳಿಗ್ಗೆಗೆ ಹೊನ್ನಾವರದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡಿಗೆದಾರಿ, ಶರಾವತಿ ಹಿನ್ನೀರಿನ ದೋಣಿ, ಅಪ್ಸರಕೊಂಡ. ರಾತ್ರಿಗೆ ಯಕ್ಷಗಾನ: 1934ರಲ್ಲಿ ಹುಟ್ಟಿದ ಕೆರೆಮನೆಯ ಇಡಗುಂಜಿ ಮೇಳದ ನೆಲೆ ಗುಣವಂತೆ ಇದೇ ತಾಲ್ಲೂಕಿನದ್ದು. ಋತುವಿನ ಶನಿವಾರಗಳಲ್ಲಿ ಎರಡು ಗಂಟೆಯ ಪ್ರಸಂಗ ಗೊತ್ತುಮಾಡಿ, ದಿನಾಂಕಗಳನ್ನು ಮೂರು ತಿಂಗಳು ಮೊದಲೇ ಪ್ರಕಟಿಸಿದರೆ ಬೆಂಗಳೂರಿನವರು ರೈಲು ಟಿಕೆಟ್ ಕಾದಿರಿಸಲು ಸಮಯ ಸಿಗುತ್ತದೆ. ಹಿಂದಿನ ವಾರ ವಾಟ್ಸ್ಯಾಪಿನಲ್ಲಿ ಹಾಕಿದ ಪೋಸ್ಟರಿಗೆ ಬರುವವರು ಊರವರೇ.

ಶುಲ್ಕ ಏರಿಸುವ ಆಸೆಗೆ ಮಾತ್ರ ಕಡಿವಾಣ ಇರಲಿ. ಚೀನಾದಲ್ಲಿ ದರ್ಜೆ ಏರಿದಂತೆ ಪ್ರವೇಶ ದರವೂ ಏರಿ, ಕಡೆಗೆ 2018ರಲ್ಲಿ ಸರ್ಕಾರವೇ ಸರ್ಕಾರಿ ಒಡೆತನದ ತಾಣಗಳ ಟಿಕೆಟ್ ದರ ಇಳಿಸಲು ಸೂಚಿಸಬೇಕಾಯಿತು. ಗೇಟಿನಲ್ಲಿ ಹೆಚ್ಚು ಕಿತ್ತುಕೊಂಡರೆ ಒಳಗಿನ ಅಂಗಡಿಯಲ್ಲಿ ಅಷ್ಟು ಕಡಿಮೆ ಖರ್ಚಾಗುತ್ತದೆ.

ಬಾವುಟ ಇಳಿದರೆ

ನಿಬಂಧನೆ ಮುರಿದದ್ದು ಪತ್ತೆಯಾದರೆ ಮೂರು ಹಂತ. ಒಂದು ಸಣ್ಣ ಲೋಪವಾದರೆ ತಕ್ಷಣ, ಹೆಚ್ಚೆಂದರೆ 10 ದಿನದೊಳಗೆ ಸರಿಪಡಿಸಬೇಕು. ಎರಡು ಮೂರು ಲೋಪವಾದರೆ ಸರಿಯಾಗುವವರೆಗೆ ಬಾವುಟ ಕೆಳಗೆ. ಗಂಭೀರವಾದರೆ ಆ ಋತು ಮುಗಿಯುವವರೆಗೆ ಬಾವುಟ ಇಲ್ಲ. ವಿಶಾಖಪಟ್ಟಣದ ರುಷಿಕೊಂಡ ಬೀಚು ನಿರ್ವಹಣೆಯ ದೂರುಗಳಿಂದಾಗಿ 2025ರ ಆರಂಭದಲ್ಲಿ ಬಾವುಟ ಕಳೆದುಕೊಂಡು, ಸರಿಪಡಿಸಿದ ಮೇಲೆ ಮರಳಿ ಪಡೆಯಿತು. ಚೀನಾ 2015ರಲ್ಲಿ ಮಹಾಗೋಡೆಯ ಶಾನ್‌ಹೈಗುವಾನ್ ತಾಣದ ಐದು ‘ಎ’ ದರ್ಜೆಯನ್ನೇ ಕಿತ್ತುಕೊಂಡಿತು. ಮಾನ್ಯತೆ ಸಿಕ್ಕ ಸುದ್ದಿ ಜಿಲ್ಲಾ ಪುಟದಲ್ಲಿ ಬಂದರೆ, ಹೋದ ಸುದ್ದಿ ಮುಖಪುಟಕ್ಕೆ ಬರುತ್ತದೆ.

ಲೆಕ್ಕ ಇಡುವವರಿಗೆ ಆ ದಿನಗಳು ಬಹಳ ಬೆಲೆಯುಳ್ಳವು. ಬೀಚು, ರಸ್ತೆ, ಬಸ್ಸು ಎಲ್ಲ ಅದೇ, ಬಾವುಟ ಮಾತ್ರ ಇಲ್ಲ. ಬಾವುಟದ ಪಾಲನ್ನು ಬಿಡಿಸಿ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು. ಲೋಪದಿಂದ ಇಳಿಸಿದರೂ, ನೀರು ಕೆಟ್ಟ ದಿನ ಸಮಿತಿಯೇ ಇಳಿಸಿದರೂ, ದಿನಾಂಕ, ಗಂಟೆ, ಕಾರಣವನ್ನು ಪುಸ್ತಕದಲ್ಲಿ ಬರೆಯಿರಿ. ಆ ವಾರಗಳಲ್ಲಿ ತಿಂಗಳ ನಾಲ್ಕು ದಿನದ ಎಣಿಕೆಯ ಬದಲು ಪ್ರತಿದಿನ ಎಣಿಸಿ. ಜೋಡಿ ಬೀಚಿನಲ್ಲೂ ಅದೇ ದಿನಗಳಲ್ಲಿ ಇಬ್ಬರನ್ನು ಕೂರಿಸಿ, ಹೋಮ್‌ಸ್ಟೇಗಳಲ್ಲಿ ರದ್ದಾದ ಬುಕಿಂಗ್ ಎಷ್ಟು ಎಂದು ವಾರದ ಕೊನೆಗೆ ಕೇಳಿ ಸೇರಿಸಿ.